ಯಕೃತ್ತಿನ ಒಂದೆಡೆ ಮಾತ್ರ ಕೊಬ್ಬು: ಗುರುತಿಸುವುದು ಹೇಗೆ, ನಿಭಾಯಿಸುವುದು ಹೇಗೆ?

ಬೇರಾವುದೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಫೋಕಲ್ ಫ್ಯಾಟಿ ಚೇಂಜ್’ ಎಂಬ ಸಾಲು ಕಂಡರೆ, ಯಕೃತ್ತಿನ ಒಂದು ಭಾಗದಲ್ಲಷ್ಟೇ ಕೊಬ್ಬು ಹೆಚ್ಚಾಗಿ ಶೇಖರವಾಗಿದೆ ಎಂದರ್ಥ. ಅಪಾಯಕಾರಿಯಲ್ಲದ ಈ ಕಲೆ ಕೆಲವೊಮ್ಮೆ ಗಡ್ಡೆಯಂತೆಯೇ ತೋರುವುದರಿಂದ, ಅದು ಕೊಬ್ಬೇ ಹೌದೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ.

ಮೊದಲಿಗೆ ಕಲೆ ಇರುವ ಜಾಗವನ್ನು ಗಮನಿಸಬೇಕು. ಫಾಲ್ಸಿಫಾರ್ಮ್ ಲಿಗಮೆಂಟಿನ (ಯಕೃತ್ತನ್ನು ಹೊಟ್ಟೆಯ ಮುಂಗೋಡೆಗೆ ಬಂಧಿಸುವ ಪಟ್ಟಿ) ಪಕ್ಕ, ಪಿತ್ತಕೋಶದ ಬದಿ ಮತ್ತು ಕರುಳಿನಿಂದ ರಕ್ತ ತರುವ ಪೋರ್ಟಲ್ ರಕ್ತನಾಳವು ಯಕೃತ್ತನ್ನು ಪ್ರವೇಶಿಸುವ ಸ್ಥಳ ಇದರ ಸಾಮಾನ್ಯ ನೆಲೆಗಳು. ಯಕೃತ್ತಿನ ಬಹುಪಾಲಿಗೆ ಪೋರ್ಟಲ್ ರಕ್ತ ಹರಿದುಬಂದರೆ, ಈ ಅಂಚುಗಳಿಗೆ ಜಠರ, ಪಿತ್ತಕೋಶ ಅಥವಾ ಹೊಟ್ಟೆಯ ಗೋಡೆಯ ಸಣ್ಣ ಅಭಿಧಮನಿಗಳು ನೇರವಾಗಿ ಬಂದು ಸೇರುವುದುಂಟು; ಕೊಬ್ಬು ಅಲ್ಲಷ್ಟೇ ಹೆಚ್ಚಲು ರಕ್ತಪೂರೈಕೆಯ ಈ ವ್ಯತ್ಯಾಸವೇ ಮುಖ್ಯ ಕಾರಣವೆಂದು ತಜ್ಞರು ಭಾವಿಸುತ್ತಾರೆ. ಇದರ ತಿರುವುಮುರುವೂ ಆಗಬಹುದು: ಯಕೃತ್ತಿನ ಉಳಿದೆಲ್ಲ ಭಾಗದಲ್ಲಿ ಕೊಬ್ಬು ತುಂಬಿ, ಇದೇ ಜಾಗ ಮಾತ್ರ ಅದರಿಂದ ಪಾರಾಗಿ, ಅಲ್ಟ್ರಾಸೌಂಡಿನಲ್ಲಿ ಕಪ್ಪು ಗಡ್ಡೆಯ ಭ್ರಮೆ ಹುಟ್ಟಿಸಬಹುದು.

ಆಕಾರ ಇನ್ನೂ ಹೆಚ್ಚು ಹೇಳುತ್ತದೆ. ಕೊಬ್ಬಿನ ಕಲೆಯು ಭೂಪಟದ ಗಡಿಯಂತೆ ಅಂಕುಡೊಂಕಾಗಿರಬಹುದು ಅಥವಾ ಬೆಣೆಯಂತಿರಬಹುದು. ಅದರೊಳಗೆ ಹಾದುಹೋಗುವ ರಕ್ತನಾಳಗಳು ಮಾತ್ರ ತಮ್ಮ ದಾರಿಯನ್ನು ಬದಲಿಸಿರುವುದಿಲ್ಲ. ಗಡ್ಡೆಯಾದರೆ ಸಾಮಾನ್ಯವಾಗಿ ನಾಳಗಳನ್ನು ಪಕ್ಕಕ್ಕೆ ತಳ್ಳುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಎಂ.ಆರ್.ಐ. ಬೇಕಾಗುತ್ತದೆ. ‘ಇನ್ ಫೇಸ್’ ಮತ್ತು ‘ಔಟ್ ಆಫ್ ಫೇಸ್’ ಎಂಬ ಎರಡು ಬಗೆಯ ಚಿತ್ರಗಳನ್ನು ಹೋಲಿಸಿದಾಗ, ನೀರು ಮತ್ತು ಕೊಬ್ಬು ಬೆರೆತಿರುವ ಜಾಗ ಎರಡನೆಯದರಲ್ಲಿ ಮಂಕಾಗುತ್ತದೆ. ಕೆಲವು ಗಡ್ಡೆಗಳಲ್ಲಿಯೂ ಕೊಬ್ಬಿರುವುದರಿಂದ ಈ ಒಂದೇ ಲಕ್ಷಣವನ್ನು ನೆಚ್ಚಲಾಗದು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಟ್ಟ ನಂತರ ಕಲೆಯು ಸುತ್ತಲಿನ ಯಕೃತ್ತಿನಂತೆಯೇ ವರ್ತಿಸುತ್ತದೆಯೇ ಎಂಬುದನ್ನೂ ನೋಡಬೇಕು. ಸೂಜಿ ಚುಚ್ಚಿ ಬಯಾಪ್ಸಿ ಮಾಡುವ ಅಗತ್ಯ ಅಪರೂಪ. ಆದರೆ ಕ್ಯಾನ್ಸರ್ ಹಿನ್ನೆಲೆ, ಸಿರೋಸಿಸ್ (ಯಕೃತ್ತು ನಾರುಗಟ್ಟಿ ಗಡುಸಾಗುವ ರೋಗ) ಅಥವಾ ಹೆಪಟೈಟಿಸ್ ಬಿ ಇರುವವರು ‘ಬರೀ ಕೊಬ್ಬು’ ಎಂಬ ಮಾತನ್ನು ತಜ್ಞರ ಪರಿಶೀಲನೆಯಿಲ್ಲದೆ ಒಪ್ಪಕೂಡದು.

ಕೊಬ್ಬೆಂದು ಖಚಿತವಾದ ಮೇಲೆ ಕಲೆಯನ್ನು ಬಿಟ್ಟು ಇಡೀ ಯಕೃತ್ತಿನತ್ತ ಗಮನ ಹರಿಸುವುದೇ ಸರಿಯಾದ ಕ್ರಮ. ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡಗಳ ಜೊತೆಗೆ ಎ.ಎಲ್.ಟಿ., ಎ.ಎಸ್.ಟಿ. (ಯಕೃತ್ತಿನ ಕಿಣ್ವಗಳು) ಮತ್ತು ಪ್ಲೇಟ್‌ಲೆಟ್ ಪರೀಕ್ಷೆಗಳನ್ನು ಮಾಡಿಸಬೇಕು. ಕೊನೆಯ ಮೂರನ್ನೂ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ‘ಫಿಬ್-4’ ಅಂಕವು 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ತೀವ್ರವಾಗಿ ನಾರುಗಟ್ಟಿರುವ ಸಾಧ್ಯತೆ ಕಡಿಮೆ. 65 ದಾಟಿದವರಿಗೆ ಈ ಮಿತಿ 2.0. ಅಂಕ ಹೆಚ್ಚಿದ್ದರೆ ಯಕೃತ್ತಿನ ಗಡಸುತನವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಮುಂದಿನ ಹೆಜ್ಜೆ. ಸ್ಟೀರಾಯ್ಡ್, ಹೃದಯಬಡಿತದ ಏರುಪೇರಿಗೆ ಕೊಡುವ ಅಮಿಯೋಡರೋನ್, ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್‌ನಂತಹ ಔಷಧಗಳಿಂದಲೂ ಯಕೃತ್ತಿನಲ್ಲಿ ಕೊಬ್ಬು ಹೆಚ್ಚುವುದರಿಂದ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಕಲೆಗೆಂದೇ ಪ್ರತ್ಯೇಕ ಮಾತ್ರೆಯಿಲ್ಲ. ಅಧಿಕ ತೂಕದವರು ದೇಹತೂಕದ ಶೇ 5ರಷ್ಟನ್ನು ಇಳಿಸಿದರೂ ಯಕೃತ್ತಿನ ಕೊಬ್ಬು ಕರಗಲು ತೊಡಗುತ್ತದೆ. ಉರಿಯೂತ ತಗ್ಗಲು ಶೇ 7ರಿಂದ 10ರಷ್ಟು ಇಳಿಯಬೇಕಾಗುತ್ತದೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ, ಸಿಹಿ ಪಾನೀಯಗಳ ವರ್ಜನೆ, ಮದ್ಯದಿಂದ ದೂರವಿರುವುದು ಇದಕ್ಕೆ ನೆರವಾಗುತ್ತವೆ. ಉಪವಾಸ ಬಿದ್ದು ಅವಸರದಲ್ಲಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವಿದೆ.

ಮರುಸ್ಕ್ಯಾನಿಂಗ್ ಯಾವಾಗ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಕಲೆ ಕುಗ್ಗಿದರೆ ಅಥವಾ ಮಾಯವಾದರೆ ಅದು ಕೊಬ್ಬೆಂಬುದಕ್ಕೆ ಮತ್ತಷ್ಟು ಪುಷ್ಟಿ ಸಿಗುತ್ತದೆ. ಬೆಳೆದರೆ ಅಥವಾ ನಾಳಗಳನ್ನು ಒತ್ತತೊಡಗಿದರೆ ಎಂ.ಆರ್.ಐ.ಯಿಂದಲೇ ತಪಾಸಣೆಯನ್ನು ಮತ್ತೆ ಆರಂಭಿಸಬೇಕಾಗುತ್ತದೆ.