ಕೈ ಕಂಡರೂ ಕುಂಞಣ್ಣ ಬದುಕಿದ

ಮಣ್ಣಿನ ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆದು ಮಾಡಿದ ಅನಿಮೇಶನ್ ತೋರಿಸಿದ ಮೇಲೆ ಅದನ್ನು ಮಾಡಿದ ಬಗೆಯ ಸಾಕ್ಷ್ಯಚಿತ್ರವನ್ನೂ ಮಕ್ಕಳಿಗೆ ತೋರಿಸುತ್ತೇನೆ ಎಂದಾಗ ಕಾಸರಗೋಡಿನ ಬದಿಯಡ್ಕದ ಗೆಳೆಯರು ಯಾರೂ ಒಪ್ಪಲಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಗೊಂಬೆ ಬರೀ ಮಣ್ಣಾಗುತ್ತದೆ ಎಂದರು. ಯಕ್ಷಗಾನದ ಊರಿನವರು ಹೀಗೆ ಹೇಳಬಾರದು. ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಇಣುಕಿ ಬಣ್ಣ ಹಚ್ಚುವುದನ್ನು ನೋಡಿದ ಮಗುವೇ ಬೆಳಗಿನವರೆಗೆ ನಿದ್ದೆಗೆಟ್ಟು ಆಟ ನೋಡುತ್ತದೆ.

ನನ್ನ ಗೊಂಬೆ ಕುಂಞಣ್ಣ ಒಂದು ಗೇಣು ಎತ್ತರದ, ಅಡಿಕೆ ಕೊಯ್ಯುವ ಅಜ್ಜ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಅವನಿಗೆ ಬಾಯಿ ಇಡಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದ ಗೊಂಬೆ ಚಿತ್ರಗಳಲ್ಲಿ ಬರುವ, ನಿಕ್ ಪಾರ್ಕ್ ರೂಪಿಸಿದ ಗ್ರೊಮಿಟ್ ನಾಯಿಗೂ ಬಾಯಿಯಿಲ್ಲ, ಹುಬ್ಬೇ ಎಲ್ಲವನ್ನೂ ಹೇಳುತ್ತದೆ. ಇದರಿಂದ ಮಾತಿಗೆ ತುಟಿ ಹೊಂದಿಸುವ ಕೆಲಸ ತಪ್ಪಿತು. ಜೊತೆಗೆ, ಹೆಬ್ಬೆರಳು ಹುಬ್ಬನ್ನು ಒತ್ತುವುದೇ ಸಾಕ್ಷ್ಯಚಿತ್ರದ ಅತ್ಯುತ್ತಮ ನೋಟವಾಯಿತು.

ಮೊದಲು ಮೂಲೆಯಲ್ಲಿ ಮೊಬೈಲ್ ಇಟ್ಟು ವಿಡಿಯೋ ತೆಗೆದೆ. ಗಂಟೆಗಟ್ಟಲೆ ನನ್ನ ಬೆನ್ನು! ವೇಗ ಹೆಚ್ಚಿಸಿದರೆ ಕೈಗಳ ಗಲಿಬಿಲಿಯ ನಡುವೆ ಗೊಂಬೆ ಎಲ್ಲಿದೆಯೆಂದೇ ತಿಳಿಯದು. ಮದುವೆಯ ವಿಡಿಯೋ ತೆಗೆಯುವವರೊಬ್ಬರನ್ನು ಕರೆಸಿದೆ. ಅವರ ದೀಪ ಸೆಟ್ಟಿನ ಮೇಲೆ ಬಿದ್ದು, ಮುಕ್ಕಾಲು ಮುಗಿದಿದ್ದ ಮರ ಹತ್ತುವ ದೃಶ್ಯ ಪೂರ್ತಿ ಹಾಳಾಯಿತು. ಅವರಿಗೆ ಕೊಟ್ಟ ಎಂಟು ಸಾವಿರವೂ ಹೋಯಿತು. ನಾನೇ ಕ್ಯಾಮೆರಾದ ಎದುರು ಕುಳಿತು ಮಾತನಾಡಿದ್ದನ್ನು ಚಿತ್ರೀಕರಿಸಿದೆ. ಮಕ್ಕಳು ಆಕಳಿಸುತ್ತಾರೆ, ಅಷ್ಟೇ.

ಕೊನೆಗೆ ಗೆದ್ದ ಉಪಾಯ ಹೀಗಿದೆ. ಸಾಕ್ಷ್ಯಚಿತ್ರಕ್ಕೆಂದು ಪಕ್ಕದಲ್ಲಿಟ್ಟ ಕ್ಯಾಮೆರಾ ವಿಡಿಯೋ ತೆಗೆಯಬಾರದು, ಗೊಂಬೆಯ ಚಿತ್ರ ತೆಗೆಯುವ ಮುಖ್ಯ ಕ್ಯಾಮೆರಾದ ಹಾಗೆ ಅದೂ ಒಂದೊಂದೇ ಚಿತ್ರ ತೆಗೆಯಬೇಕು. ಭಂಗಿ ಸರಿಯಾದ ಮೇಲೂ ಕೈಯನ್ನು ಗೊಂಬೆಯ ಮೇಲೇ ಇಟ್ಟುಕೊಂಡು ಪಕ್ಕದ ಕ್ಯಾಮೆರಾ ಒತ್ತಬೇಕು. ಆಮೇಲೆ ಕೈ ತೆಗೆದು ಮುಖ್ಯ ಕ್ಯಾಮೆರಾ. ತೆರೆಯ ಮೇಲಿನ ಒಂದು ಸೆಕೆಂಡಿಗೆ ನಾನು ಹನ್ನೆರಡು ಭಂಗಿ ಹಿಡಿಯುತ್ತೇನೆ. ನಾಲ್ಕು ನಿಮಿಷದ ಚಿತ್ರಕ್ಕೆ ಹತ್ತಿರ ಹತ್ತಿರ ಮೂರು ಸಾವಿರ. ಪಕ್ಕದ ಚಿತ್ರಗಳನ್ನೂ ಅದೇ ಲೆಕ್ಕದಲ್ಲಿ ಓಡಿಸಿದರೆ ಕುಂಞಣ್ಣ ತನ್ನ ಸಹಜ ನಡಿಗೆಯಲ್ಲಿ ಮರ ಹತ್ತುತ್ತಾನೆ, ನನ್ನ ಕೈಗಳು ಮಾತ್ರ ಅವನ ಸುತ್ತ ಮಿಂಚಿ ಮಾಯವಾಗುತ್ತವೆ. ಜೀವ ಅವನಲ್ಲಿದೆ, ಮನುಷ್ಯನೇ ಅವಸರದ ನೆರಳು. ಮೊದಲ ಸಲ ಇದನ್ನು ನೋಡಿದಾಗ ಒಬ್ಬನೇ ಕುಳಿತು ಚಪ್ಪಾಳೆ ತಟ್ಟಿದೆ. ಈ ಭಾಗದಲ್ಲಿ ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಕೈ ಬಿಡುವಿಲ್ಲದ್ದರಿಂದ ಹೊಲಿಗೆ ಯಂತ್ರದ ಹಳೆಯ ಪೆಡಲನ್ನು ಬದಲಾಯಿಸಿ ಕಾಲಿನಿಂದ ಒತ್ತುವ ಸ್ವಿಚ್ಚು ಮಾಡಿಕೊಂಡೆ. ಒಂದೇ ಒತ್ತಿಗೆ ಎರಡೂ ಕ್ಯಾಮೆರಾಗಳು ಬೇಕಾದಷ್ಟು ಅಂತರ ಬಿಟ್ಟು ಚಿತ್ರ ತೆಗೆಯುವ ಹಾಗೆ ಅದಕ್ಕೊಂದು ಸರ್ಕ್ಯೂಟ್ ಜೋಡಿಸಿದ್ದೇನೆ. ಅದರ ವಿವರ ಸದ್ಯಕ್ಕೆ ನನ್ನಲ್ಲೇ ಇರಲಿ.

ಬೆಳಕಿನ ಮಿಣುಕು ಬಹಳ ಕಾಡಿತು. ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಇಳಿಯುತ್ತಿದ್ದುದರಿಂದ ದೀಪಗಳನ್ನೆಲ್ಲ ಬ್ಯಾಟರಿಗೆ ಹಾಕಿದೆ. ಐದಾರು ಸಾವಿರ ಅದಕ್ಕೇ ಆಯಿತು. ಆದರೂ ಮಿಣುಕು ನಿಲ್ಲಲಿಲ್ಲ. ಕ್ಯಾಮೆರಾದ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಬೇರೆಯಾಗಿ ಮುಚ್ಚಿಕೊಳ್ಳುತ್ತಿತ್ತು. ಕೈಯಿಂದ ತಿರುಗಿಸುವ ಹಳೆಯ ಲೆನ್ಸನ್ನು ಮಂಗಳೂರಿನಿಂದ ಮೂರು ಸಾವಿರದ ಆಸುಪಾಸಿಗೆ ತಂದ ಮೇಲೆ ಅದು ನಿಂತಿತು. ಉಳಿದದ್ದು ಪಂಚೆ. ಬಿಳಿ ಪಂಚೆಯ ಬೆಳಕು ಗೊಂಬೆಯ ಕೆನ್ನೆಗೆ ಬೀಳುತ್ತಿತ್ತು. ಕಪ್ಪು ಅಂಗಿ, ಕಪ್ಪು ಲುಂಗಿ, ಪಕ್ಕದ ಕ್ಯಾಮೆರಾದ ಪರದೆಗೆ ಕಪ್ಪು ಬಟ್ಟೆ: ಇಷ್ಟು ಕಡ್ಡಾಯ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ಗೊಂಬೆಗೆ ಬಳಸುವ ಒಣಗದ ಮಣ್ಣು, ಪ್ಲಾಸ್ಟಿಸಿನ್, ದುಬಾರಿ. ಒಣಗಿಸಿ ಜರಡಿ ಹಿಡಿದ ಜೇಡಿಮಣ್ಣಿಗೆ ಜೇನುಮೇಣ, ತೆಂಗಿನೆಣ್ಣೆ ಸೇರಿಸಿ ನಾದಿದೆ. ಡಿಸೆಂಬರ್ ಬೆಳಗಿನ ಚಳಿಗೆ ಕಲ್ಲು, ಮಧ್ಯಾಹ್ನ ಎಣ್ಣೆ ಬೆವರುವ ಮುದ್ದೆ. ಇರುವೆಗಳು ಸಾಲುಗಟ್ಟಿದವು. ಮೇಣ ಹೆಚ್ಚಿಸಿ, ಎಣ್ಣೆ ಬದಲಿಸಿದ ಮೇಲೆ ಹದ ಸಿಕ್ಕಿತು. ಬೆರಳಚ್ಚೂ ಚೆನ್ನಾಗಿ ನಿಲ್ಲುತ್ತದೆ. ಆರ್ಡ್‌ಮನ್ ಗೊಂಬೆಗಳ ಮೇಲೆ ಕಾಣುವ ಆ ಬೆರಳಗುರುತು ನನಗೆ ಬಹಳ ಇಷ್ಟ. ಮೇಣದ ಪ್ರಮಾಣ ಕೇಳಬೇಡಿ.

ಸಾಕ್ಷ್ಯಚಿತ್ರಕ್ಕೆಂದೇ ಮೂವತ್ತು ಸಾವಿರದಷ್ಟು ಖರ್ಚಾಗಿರಬೇಕು. ಮಂಜೇಶ್ವರ ತಾಲೂಕಿನ ಕನ್ನಡ ಶಾಲೆಗಳಲ್ಲಿ ಶಿಬಿರ ನಡೆಸಿ ಅರ್ಧಕ್ಕಿಂತ ಹೆಚ್ಚು ಮರಳಿ ಬಂದಿದೆ. ಮಕ್ಕಳು ಚಿತ್ರವನ್ನು ಒಮ್ಮೆ ನೋಡಿದರೆ ಅದರ ಹಿಂದಿನ ಕೆಲಸವನ್ನು ಎರಡು ಸಲ ಕೇಳುತ್ತಾರೆ. ಎಲ್ಲ ಗುಟ್ಟೂ ತಿಳಿದ ಮೇಲೆ ಒಬ್ಬಳು ಪುಟ್ಟ ಹುಡುಗಿ ಬಂದು, "ಮಾವಾ, ಕೈ ಒತ್ತುವಾಗ ಕುಂಞಣ್ಣನಿಗೆ ನೋವಾಗುವುದಿಲ್ಲವೇ?" ಎಂದು ಕೇಳಿದಳು. ಗೆಳೆಯರೂ ಹಿಂದಿನ ಸಾಲಿನಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಈಗ ಅವರಲ್ಲಿಬ್ಬರು ತಮ್ಮ ಗೊಂಬೆಗೂ ಹೀಗೇ ಮಾಡಿಕೊಡು ಎನ್ನುತ್ತಿದ್ದಾರೆ.

ಗೊಂಬೆ ಮಾಡುವವರೆಲ್ಲ ಇಂಥ ದಾಖಲೆ ಇಟ್ಟುಕೊಳ್ಳಲೇಬೇಕು. 2005ರ ಅಕ್ಟೋಬರ್‌ನಲ್ಲಿ ಆರ್ಡ್‌ಮನ್‌ನ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ಸೆಟ್ಟುಗಳು, ಗೊಂಬೆಗಳು ಸುಟ್ಟುಹೋದವು. ನಮ್ಮಲ್ಲಿ ಬೆಂಕಿಯೇ ಬೇಕೆಂದಿಲ್ಲ, ಆಟಿ ತಿಂಗಳ ಮಳೆ ಸಾಕು. ಕುಂಞಣ್ಣನ ಮೊದಲ ಮುಟ್ಟಾಳೆ ಬೂಸ್ಟು ಹಿಡಿದು ಪುಡಿಯಾಗಿದೆ. ಈ ಮಳೆಗಾಲಕ್ಕೆ ಮೊದಲೇ ಚಿತ್ರಗಳನ್ನೆಲ್ಲ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಮಂಗಳೂರಿನ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ.