ಕೇಳದೆ ತೆಗೆದುಕೊಂಡದ್ದರ ಚೀಟಿ

ಪತಂಜಲಿಯ ಯೋಗಸೂತ್ರ ಹೇಳುವ ಐದು ಯಮಗಳಲ್ಲಿ, ಅಂದರೆ ಪಾಲಿಸಬೇಕಾದ ಸಂಯಮಗಳಲ್ಲಿ, ಮೂರನೆಯದು ಅಸ್ತೇಯ, ಅಂದರೆ ಕದಿಯದಿರುವುದು. ಮೊದಲ ಸಲ ಓದಿದಾಗ ಇದು ನನಗೆ ಹೇಳಿದ್ದಲ್ಲ ಅಂದುಕೊಂಡೆ. ಯಾರ ದುಡ್ಡನ್ನೂ ನಾನು ಮುಟ್ಟಿದವಳಲ್ಲ. ಆಮೇಲೆ ಎರಡನೇ ಪಾದದ (ಅಧ್ಯಾಯದ) 34ನೇ ಸೂತ್ರಕ್ಕೆ ಬಂದೆ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಯಾರೋ ಮಾಡಿದಾಗ ಒಪ್ಪಿಕೊಂಡದ್ದು, ಮೂರೂ ತಪ್ಪೇ ಎನ್ನುತ್ತದೆ ಅದು. ಅಲ್ಲಿ ಸಿಕ್ಕಿಬಿದ್ದೆ.

ನೀವೂ ಶುರು ಮಾಡುವುದಾದರೆ, ಒಂದು ವಾರ ಮಲಗುವ ಮುಂಚೆ ಚೀಟಿ ಬರೆಯಿರಿ: ಇವತ್ತು ಕೇಳದೆ ಏನು ತೆಗೆದುಕೊಂಡೆ? ನನ್ನ ಚೀಟಿಯಲ್ಲಿ ವಸ್ತು ಅಂತ ಇದ್ದದ್ದು ಆಫೀಸಿನ ಎರಡು ಪೆನ್ನು. ಮಾರನೇ ದಿನವೇ ವಾಪಸ್ ಇಟ್ಟೆ.

ಜಾಸ್ತಿ ಇದ್ದದ್ದು ಸಮಯ. ಆರು ಜನ ಕಾಯುವ ಕಡೆ ಹತ್ತು ನಿಮಿಷ ತಡವಾಗಿ ಹೋದರೆ ಒಟ್ಟು ಒಂದು ಗಂಟೆ ಹೋಯಿತು, ಅಲ್ವಾ? ಸಾರಿ ಅಂದರೆ ಅದು ತಿರುಗಿ ಬರುವುದಿಲ್ಲ. ಅದಕ್ಕೆ ಈಗ 15 ನಿಮಿಷ ಮೊದಲೇ ಹೊರಡುತ್ತೇನೆ. ಯಾರಿಗಾದರೂ ಫೋನ್ ಮಾಡಿದರೆ, "ಈಗ ಐದು ನಿಮಿಷ ಬಿಡುವಿದೆಯಾ?" ಎಂದು ಕೇಳಿಯೇ ಮಾತು ಶುರು ಮಾಡುತ್ತೇನೆ. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಕೇಳಿದ್ದು ಬರೀ ನಾಟಕ.

ಮಾತನ್ನೂ ಕದಿಯುತ್ತೇವೆ. ಗೆಳತಿ ತನ್ನ ಮಂಡಿನೋವು ಹೇಳುತ್ತಿದ್ದಾಗ ನಾನು ನನ್ನ ಬೆನ್ನುನೋವು ಶುರು ಮಾಡಿದ್ದೆ. ಈಗ ಅವಳ ಮಾತು ಮುಗಿದ ಮೇಲೂ ಅವಳ ಬಗ್ಗೆಯೇ ಇನ್ನೊಂದು ಪ್ರಶ್ನೆ ಕೇಳುತ್ತೇನೆ.

ನನಗೆ ತುಂಬಾ ನೋವು ಕೊಟ್ಟದ್ದು ಬೇರೆ. ಸಹೋದ್ಯೋಗಿಯೊಬ್ಬಳ ಯೋಚನೆಯನ್ನು ಮೀಟಿಂಗಿನಲ್ಲಿ ನನ್ನದೇ ಎನ್ನುವ ಹಾಗೆ ಹೇಳಿದ್ದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ಒಬ್ಬಳೇ ಸಿಕ್ಕಾಗ ಕ್ಷಮೆ ಕೇಳಿದರೆ ಸಾಲದು. ಯಾರ ಎದುರಿಗೆ ಕಿತ್ತುಕೊಂಡೆವೋ ಅವರೆದುರಿಗೇ ವಾಪಸ್ ಕೊಡಬೇಕು. ಮುಂದಿನ ಮೀಟಿಂಗಿನಲ್ಲಿ, "ಅದು ಇವಳ ಯೋಚನೆ, ನಾನು ಅವತ್ತು ಹೇಳಲಿಲ್ಲ" ಎಂದೆ. ಗಂಟಲು ಒಣಗಿತ್ತು, ಆದರೂ ಹೇಳಿದೆ.

ಒಪ್ಪಿಕೊಳ್ಳುವ ಕಳ್ಳತನ ಕಣ್ಣಿಗೆ ಬೀಳುವುದೇ ಕಷ್ಟ. ಗ್ರೂಪಿನಲ್ಲಿ ಯಾರೋ ಹೊಸ ಪುಸ್ತಕದ ಕದ್ದ ಪಿಡಿಎಫ್ ಹಾಕುತ್ತಾರೆ, ನಾವು ಸುಮ್ನೆ ಥ್ಯಾಂಕ್ಸ್ ಅನ್ನುತ್ತೇವೆ. ಈಗ ನಾನು ಅದನ್ನು ತೆರೆಯುವುದಿಲ್ಲ, ಮುಂದಕ್ಕೆ ಕಳಿಸುವುದೂ ಇಲ್ಲ. ಆಸೆಯಾದಾಗ 33ನೇ ಸೂತ್ರದ ಉಪಾಯ ನೆನೆಯುತ್ತೇನೆ: ಕೆಟ್ಟ ಯೋಚನೆ ಕಾಡಿದರೆ ಅದಕ್ಕೆ ಎದುರಾದದ್ದನ್ನು ಯೋಚಿಸು. ಆ ಪುಸ್ತಕಕ್ಕಾಗಿ ವರ್ಷಗಟ್ಟಲೆ ಕೂತು ಬರೆದವರನ್ನು ನೆನೆಸಿಕೊಂಡರೆ ಕೈ ತಾನಾಗಿ ಹಿಂದೆ ಬರುತ್ತದೆ.

ನಿನ್ನೆಯ ಚೀಟಿಯಲ್ಲಿ ಮೂರು ಪುಸ್ತಕಗಳ ಹೆಸರಿದೆ. ಎರವಲು ತಂದು ಎರಡು ವರ್ಷವಾಯಿತು. ಮೂವರಿಗೂ ಫೋನ್ ಮಾಡಿದೆ. ಒಬ್ಬರು ಇಟ್ಟುಕೋ ಅಂದರು. ಉಳಿದೆರಡು ಬಾಗಿಲ ಪಕ್ಕ ಚೀಲದಲ್ಲಿವೆ, ನಾಳೆ ಬೆಳಿಗ್ಗೆ ಕೊಟ್ಟು ಬರಬೇಕು.