ಲೇಬಲ್ಲಿನ ಹತ್ತಿರ ಸಿಕ್ಕ ಹಾಡು

ಕಾಲೇಜಿನಲ್ಲಿದ್ದಾಗ ರಾಬರ್ಟ್ ಪ್ಲಾಂಟ್‌ನ ‘ಪಿಕ್ಚರ್ಸ್ ಅಟ್ ಇಲೆವೆನ್’ ಕ್ಯಾಸೆಟ್ಟನ್ನು ಗೆಳೆಯನಿಂದ ತಂದು, ಎರಡೇ ಸಲ ಕೇಳಿ ವಾಪಸ್ ಕೊಟ್ಟಿದ್ದೆ. ನನಗೆ ಬೇಕಿದ್ದದ್ದು ಪ್ಲಾಂಟ್ ಮೊದಲು ಹಾಡುತ್ತಿದ್ದ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್. ಅದು ಇದರಲ್ಲಿರಲಿಲ್ಲ. ಇರುವುದಾದರೂ ಹೇಗೆ? 1980ರ ಸೆಪ್ಟೆಂಬರಿನಲ್ಲಿ ಡ್ರಮ್ಮರ್ ಜಾನ್ ಬೋನಮ್ ತೀರಿಕೊಂಡ, ಬ್ಯಾಂಡೂ ಅಲ್ಲಿಗೆ ಮುಗಿಯಿತು. 1982ರ ಈ ಎಲ್‌ಪಿ ಆಮೇಲೆ ಪ್ಲಾಂಟ್ ತನ್ನ ಹೆಸರಿನಲ್ಲಿ ತಂದ ಮೊದಲನೆಯದು.

ಹೋದ ವರ್ಷ ಅದರ ಹಳೇ ಗ್ರಾಮಫೋನ್ ಪ್ಲೇಟು ಕೈಗೆ ಬಂತು. ಗೆರೆಗಳ ತುಂಬ ಧೂಳು, ಯಾರದೋ ಹೆಬ್ಬೆಟ್ಟಿನ ಗುರುತು. ತೊಳೆಯುವ ಉತ್ಸಾಹದಲ್ಲಿ ನೀರು ಜಾಸ್ತಿ ಸುರಿದು ನಡುವಿನ ಲೇಬಲ್ಲಿನ ಅಂಚನ್ನು ಉಬ್ಬಿಸಿಬಿಟ್ಟೆ. ಬುದ್ಧಿ ಬಂದಮೇಲೆ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿದೆ. ಒಣಗಿದ್ದು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ.

‘ಮೂನ್‌ಲೈಟ್ ಇನ್ ಸಮೋಸಾ’ ಎಂಬ ಹೆಸರಿಗೆ ಆಗ ನಕ್ಕಿದ್ದೇ ನಕ್ಕಿದ್ದು. ಹಾಡನ್ನು ಕೇಳಿಯೇ ಇರಲಿಲ್ಲ ಅಂತ ಈಗ ಗೊತ್ತಾಯಿತು. ಕಿರುಚುವುದಕ್ಕೇ ಹೆಸರಾದ ಗಂಟಲು ಇಲ್ಲಿ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆತ್ತಗಿದೆ. ರಾಬಿ ಬ್ಲಂಟ್‌ನ ಗಿಟಾರ್ ಕೂಡ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್‌ನಂತೆ ಹಾಡುಗಾರನ ಜೊತೆ ಜಿದ್ದಿಗೆ ಬೀಳುವುದಿಲ್ಲ, ಜಾಗ ಬಿಟ್ಟುಕೊಡುತ್ತದೆ.

ತೊಂದರೆ ಶುರುವಾದದ್ದು ಮೊದಲ ಮಗ್ಗುಲಿನ ಕೊನೆಯ ಹಾಡು ‘ಸ್ಲೋ ಡ್ಯಾನ್ಸರ್’ನಲ್ಲಿ. ಏಳೂವರೆ ನಿಮಿಷಕ್ಕೂ ಹೆಚ್ಚಿನ ಹಾಡು. ‘ಸ’ ಬಂದಲ್ಲೆಲ್ಲ ಕಾದ ಹಂಚಿಗೆ ನೀರು ಚಿಮುಕಿಸಿದ ಸದ್ದು. ಪ್ಲೇಟು ಸವೆದಿದೆ ಅಂದುಕೊಂಡೆ. ಆದರೆ ಮೊದಲ ಹಾಡು ಶುದ್ಧವಾಗಿತ್ತಲ್ಲ? ಪ್ಲೇಟು ತಿರುಗುವುದು ನಿಮಿಷಕ್ಕೆ 33⅓ ಸುತ್ತು, ಎಲ್ಲಿದ್ದರೂ ಅಷ್ಟೇ. ಆದರೆ ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋದರೆ, ಲೇಬಲ್ಲಿನ ಹತ್ತಿರ ಅದರ ಅರ್ಧಕ್ಕಿಂತ ಕಡಿಮೆ. ಅಷ್ಟೇ ಸಂಗೀತ ಇಕ್ಕಟ್ಟಿನಲ್ಲಿ ಕೂತಿರುತ್ತದೆ. ಸೂಜಿ ಕೊಂಚ ಓರೆಯಾದರೂ ಅಲ್ಲೇ ಬಣ್ಣ ಬಯಲು.

ಸೂಜಿಯ ಕೋನ ಅಳೆಯುವ ಕಾಗದದ ಪ್ರೊಟ್ರಾಕ್ಟರ್ ಇಟ್ಟು ನೋಡಿದರೆ ಸೂಜಿ ಹಿಡಿದಿರುವ ಕಾರ್ಟ್ರಿಜ್ ಹತ್ತಿರಹತ್ತಿರ 2 ಮಿ.ಮೀ. ಹಿಂದೆ ಕೂತಿತ್ತು. ಕೂರಿಸಿದವನು ನಾನೇ. ಸ್ಕ್ರೂ ಸಡಿಲಿಸಿ, ಉಸಿರು ಬಿಗಿಹಿಡಿದು ಮುಂದೆ ತಳ್ಳಿ, ಪ್ರೊಟ್ರಾಕ್ಟರಿನ ಎರಡೂ ಬಿಂದುಗಳಲ್ಲಿ ಗೆರೆಗೆ ನೇರವಾಗುವ ತನಕ ಒಂದು ಮಧ್ಯಾಹ್ನವೇ ಹೋಯಿತು.

ಆ ಸಂಜೆ ‘ಸ್ಲೋ ಡ್ಯಾನ್ಸರ್’ ಬೇರೆಯೇ ಹಾಡಾಗಿತ್ತು. ಈ ಎಲ್‌ಪಿಯ ಡ್ರಮ್ಸ್ ಅಂದರೆ ಎಲ್ಲರೂ ಫಿಲ್ ಕಾಲಿನ್ಸ್ ಹೆಸರು ಹೇಳುತ್ತಾರೆ, ಆದರೆ ಈ ಹಾಡಿನಲ್ಲಿ ಬಾರಿಸಿರುವುದು ಕೋಜಿ ಪೊವೆಲ್. ಆ ಭಾರದ ಏಟಿನ ಮೇಲೆ ಪ್ಲಾಂಟ್‌ನ ದನಿ ಅರಬ್ಬಿ ಧಾಟಿಯಲ್ಲಿ ಬಳುಕುತ್ತ ಮೇಲೇರುತ್ತದೆ. ಪೊವೆಲ್ ಬಾರಿಸಿದ ಇನ್ನೊಂದು ಹಾಡು ಎರಡನೇ ಮಗ್ಗುಲಿನಲ್ಲಿದೆ. ಅದಕ್ಕಿಂತ ಮೊದಲು ಬರುವ ‘ಫ್ಯಾಟ್ ಲಿಪ್’ ಮಾತ್ರ ನನಗೆ ಈಗಲೂ ಹಿಡಿಸಿಲ್ಲ. ಸೂಜಿ ಎತ್ತಿ ಮುಂದಕ್ಕಿಡುತ್ತೇನೆ.